ನಡುಕ ನಿಲ್ಲದಿರಲಿ

ಕುಮಾರಪರ್ವತದ ತುದಿಯಿಂದ ಇಳಿಯುತ್ತಿದ್ದೆವು. ಅಕ್ಟೋಬರ್ ತಿಂಗಳು. ಮಧ್ಯಾಹ್ನ ಕಳೆಯುತ್ತಿದ್ದಂತೆ ಮೋಡ ಕವಿದು ಗುಡುಗುಮಳೆ ಸುರಿಯಿತು. ತುದಿಗೂ ಶೇಷಪರ್ವತಕ್ಕೂ ನಡುವಿನ ಶೋಲಾ ಕಾಡಿನಲ್ಲಿ ಒದ್ದೆ ಬಂಡೆಯ ಮೇಲೆ ಜಾರಿ ಗೆಳೆಯನ ಪಾದ ತಿರುಚಿತು. ಹೆಗಲು ಕೊಟ್ಟು ಎಬ್ಬಿಸಿದೆ. ನಾಲ್ಕು ಹೆಜ್ಜೆಗೇ ಕುಸಿದ. ಉಳಿದ ತಂಡಗಳೆಲ್ಲ ಇಳಿದಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಕತ್ತಲಲ್ಲಿ ಅವನನ್ನು ಹೊತ್ತು ಇಳಿಯುವುದಾಗಲಿ, ಒಬ್ಬನನ್ನೇ ಬಿಟ್ಟು ಹೋಗುವುದಾಗಲಿ ಆಗದ ಮಾತು. ರಾತ್ರಿ ಅಲ್ಲಿಯೇ ಎಂದಾಯಿತು.

ಆನೆಯ ಲದ್ದಿ ಕಂಡಿದ್ದರಿಂದ ಅವನಿಗೆ ಆನೆಯ ಭಯ. ನನಗೆ ಭಯವಿದ್ದದ್ದು ಚಳಿಯದು. ಶಿಖರದ ಎತ್ತರ 1712 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಒಣ ಮೈಗೆ ಅದು ತಡೆಯಬಹುದಾದ ಚಳಿ. ನಾವೋ ತೊಯ್ದು ತೊಪ್ಪೆಯಾಗಿದ್ದೆವು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಎಳೆದುಕೊಳ್ಳುತ್ತದೆ.

ಮುಂದಿನ ಬೋಳು ಹುಲ್ಲುಗುಡ್ಡದಲ್ಲಿ ಗಾಳಿ ಭೋರೆನ್ನುತ್ತಿತ್ತು. ಹಾಗಾಗಿ ಮರಗಳ ಮರೆಯಲ್ಲೇ, ನೀರು ಹರಿಯುವ ಜಾಗ ಬಿಟ್ಟು ತುಸು ಮೇಲೆ ಕೂತೆವು. ಒದ್ದೆ ಬನಿಯನ್ ಕಿತ್ತುಹಾಕಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಸ್ವೆಟರನ್ನು ಬರಿಮೈಗೇ ಅವನಿಗೆ ತೊಡಿಸಿದೆ. ನೆಲವೂ ಶಾಖ ಹೀರುತ್ತದೆ. ಬಿದ್ದಿದ್ದ ಕೊಂಬೆಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಎಲೆ ಹರಡಿ, ಖಾಲಿ ಚೀಲಗಳನ್ನು ಹಾಸಿದೆ. ಬೆಂಕಿಯ ಮಾತೇ ಇರಲಿಲ್ಲ. ಅಭಯಾರಣ್ಯದಲ್ಲಿ ನಿಷಿದ್ಧ, ಸಾಲದ್ದಕ್ಕೆ ಕಡ್ಡಿಪೆಟ್ಟಿಗೆ ನೆನೆದು ಮುದ್ದೆಯಾಗಿತ್ತು. ಒಂದೇ ಪ್ಲಾಸ್ಟಿಕ್ ಹಾಳೆಯನ್ನು ಇಬ್ಬರೂ ಹೊದ್ದು, ಅವನ ಬೆನ್ನಿಗೆ ಎದೆಯಾನಿಸಿ ಕೂತೆ.

ಇಂಬಳಗಳು ಬಿಡಲಿಲ್ಲ. ಉಸಿರು, ಬಿಸಿ, ಅಲುಗಾಟದ ಜಾಡು ಹಿಡಿದೇ ಅವು ಬರುವುದು. ಕಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಬೆರಳಿಗೆ ಅಂಟಂಟು ತಗುಲಿದಾಗಲೇ ರಕ್ತವೆಂದು ತಿಳಿಯುತ್ತಿತ್ತು. ಅವುಗಳ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಎಳೆಯದೆ, ಉಗುರಿನಿಂದ ಬದಿಗೆ ಸರಿಸಿ ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದನ್ನೂ ಬಿಟ್ಟೆ.

ನಡುಕ ಇರುವವರೆಗೆ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿದೆ ಎಂದು ಅರ್ಥ. ಮೈಯ ಒಳಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ನೂ ಇಳಿದರೆ ನಡುಕವೇ ನಿಂತುಹೋಗುತ್ತದೆ. ಅದಕ್ಕೇ ಅವನಿಂದ ಮಗ್ಗಿ ಹೇಳಿಸುತ್ತಿದ್ದೆ. ಹದಿನೈದರವರೆಗೆ ಸರಾಗವಾಗಿ ಬಂತು. ಬೆಳಗಿನ ಜಾವದ ಹೊತ್ತಿಗೆ ಹದಿಮೂರರಲ್ಲೇ ತಡವರಿಸಿದ. ಹಲ್ಲು ಕಟಕಟಿಸುವ ಸದ್ದು ಕ್ಷೀಣಿಸಿತ್ತು. "ನಿದ್ದೆ ಬರ್ತಿದೆ, ಸುಮ್ನಿರು" ಎಂದ.

ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಉಳಿದಿದ್ದ ಕಡಲೆಮಿಠಾಯಿಯನ್ನು ಚೂರುಚೂರು ಮಾಡಿ ತಿನ್ನಿಸಿದೆ. ನಡುಗಲಿಕ್ಕೂ ಸಕ್ಕರೆ ಬೇಕು. ಮುಷ್ಟಿ ಬಿಗಿ, ಬಿಡು, ಬಿಗಿ ಎಂದು ಬೈದು ಮಾಡಿಸಿದೆ. ಅವನು ನನ್ನನ್ನೂ ನನ್ನ ಮನೆತನವನ್ನೂ ಶಪಿಸಿದ. ಶಾಪದಲ್ಲಿ ತೊದಲು ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನ ಬೆನ್ನು ನನ್ನ ಎದೆಗೆ ತಾಗಿ ಗಡಗಡ ನಡುಗತೊಡಗಿತು.

ಬೆಳಕು ಹರಿದ ಮೇಲೆ ಮೂರು ಸಲ ಊದಿ ನಿಲ್ಲಿಸುತ್ತ ಸೀಟಿ ಹಾಕಿದೆ. ಅಪಾಯದ ಸಂಕೇತ ಅದು. ಕೂಗಿ ಕೂಗಿ ಗಂಟಲು ಆಗಲೇ ಕಟ್ಟಿತ್ತು. ಕೆಳಗೆ ಚಾರಣದ ದಾರಿಯಲ್ಲಿರುವ ಭಟ್ಟರ ಮನೆ ಹತ್ತಿರದ ಅರಣ್ಯ ತಪಾಸಣಾ ಠಾಣೆಯ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಮರಳಿದ ಗುರುತು ಇರಲಿಲ್ಲವಾದ್ದರಿಂದ ಸಿಬ್ಬಂದಿ ನಸುಕಿಗೇ ಹೊರಟಿದ್ದರಂತೆ. ಸೀಟಿ ಕೇಳಿ ನೇರ ಬಂದರು. ಕಂಬಳಿಯನ್ನು ಗಳುಗಳಿಗೆ ಕಟ್ಟಿ ಅವನನ್ನು ಹೊತ್ತರು. ನಾನು ಅವನ ಕೈ ಉಜ್ಜಹೋದೆ. ಅವರಲ್ಲಿ ಹಿರಿಯರೊಬ್ಬರು ತಡೆದು, "ತಿಕ್ಕಬೇಡಿ, ಹೊದಿಸಿ ಸಾಕು. ನಡುಗಲಿ ಬಿಡಿ" ಎಂದರು.

ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಕಂಡಿತು, ಪ್ಲಾಸ್ಟರ್ ಹಾಕಿದರು. ಅವನ ಪ್ಲಾಸ್ಟರ್ ತೆಗೆದ ಮೇಲೂ ನನ್ನ ಕಾಲಿನ ಇಂಬಳದ ಕಲೆಗಳು ತುರಿಸುತ್ತಲೇ ಇದ್ದವು. ಹದಿಮೂರರ ಮಗ್ಗಿ ಕೇಳಿದರೆ ಅವನು ಈಗಲೂ ಸಿಡುಕುತ್ತಾನೆ.