ಕಡತವೂ ದತ್ತಾಂಶಕೋಶವೂ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಒಂದು ಶಾನುಭೋಗರ ಮನೆತನವುಂಟು. ಆ ಮನೆಯ ಅಟ್ಟದಲ್ಲಿ ಹಳೆಯ ಕಡತವೊಂದನ್ನು ಜೋಪಾನವಾಗಿರಿಸಿದ್ದಾರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಸಾಧನವೇ ಕಡತವೆಂಬುದನ್ನು ಹಿರಿಯ ವಾಚಕರು ಬಲ್ಲರು. ಮನೆಯ ಯಜಮಾನರು ಗ್ರಾಮಲೆಕ್ಕಿಗರಾಗಿ ದುಡಿದು ನಿವೃತ್ತರಾದವರು. ಮೊಮ್ಮಗನು ಬೆಂಗಳೂರಿನಲ್ಲಿ ತಂತ್ರಾಂಶ ರಚಿಸುವ ಉದ್ಯೋಗದಲ್ಲಿರುವನು.

ಒಂದು ಯುಗಾದಿಗೆ ಮೊಮ್ಮಗನು ಸ್ನೇಹಿತನೊಡನೆ ಊರಿಗೆ ಬಂದನು. ಜಗಲಿಯ ಮೇಲೆ ಇಬ್ಬರಿಗೂ ವಾದ ಹತ್ತಿತು. ಡೇಟಾಬೇಸುಗಳಲ್ಲಿ, ಅಂದರೆ ದತ್ತಾಂಶಕೋಶಗಳಲ್ಲಿ, ಯಾವುದು ಶ್ರೇಷ್ಠವೆಂಬುದೇ ವಿಷಯ. ಮೊಮ್ಮಗನದು ಪೋಸ್ಟ್‌ಗ್ರೆಸ್ ಪಕ್ಷ. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಅದು 2023ರ ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 45 ಮಂದಿಯ ಬಳಕೆಯಿಂದ ಮೈಎಸ್‌ಕ್ಯೂಎಲ್ಲನ್ನು ಹಿಂದಿಕ್ಕಿತೆಂದು ಅವನು ಸಾಧಿಸಿದನು. 1995ರಿಂದ ಅಸಂಖ್ಯ ಜಾಲತಾಣಗಳ ಭಾರ ಹೊತ್ತ ಮೈಎಸ್‌ಕ್ಯೂಎಲ್ಲೇ ಪಳಗಿದ ಕೈಗೆ ಲೇಸೆಂದು ಸ್ನೇಹಿತನು ಹೇಳಿದನು.

“ಇವೆರಡಕ್ಕೂ ಮೂಲಸೂತ್ರ ಯಾರದು?” ಎಂದರು ಯಜಮಾನರು.

“1970ರಲ್ಲಿ ಕಾಡ್ ಎಂಬವರು ಹೇಳಿದ್ದು, ತಾತ. ಸಂಗತಿಗಳನ್ನೆಲ್ಲ ಕೋಷ್ಟಕಗಳಲ್ಲಿಡಬೇಕೆಂಬುದು ಅವರ ಮತ.”

“ಹಾಗಾದರೆ ಸೂತ್ರವೊಂದೇ, ವ್ಯಾಖ್ಯಾನಗಳು ಎರಡು!”

ಅಷ್ಟರಲ್ಲಿ ನೆರೆಯ ಕೇರಿಯ ವೃದ್ಧೆಯೊಬ್ಬಳು ಪಹಣಿ ಹಿಡಿದು ಬಂದಳು. ಗಂಡನು ತೀರಿಕೊಂಡಿದ್ದನು, ಜಮೀನು ಅವಳ ಹೆಸರಿಗೆ ಬರುವುದು ನಿಂತುಹೋಗಿತ್ತು. ಗಂಡನ ಹೆಸರು ರಂಗಪ್ಪ, ಪಹಣಿಯಲ್ಲಿದ್ದುದು ಗಂಗಪ್ಪ.

ಮೊಮ್ಮಗನು ವಿವರಿಸಿದನು: ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದುವು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಧಿಕಾರಿಯ ಬೆರಳಚ್ಚಿಲ್ಲದೆ ಅಲ್ಲಿ ತಿದ್ದಲಾಗದು. ಒಬ್ಬನ ಹೆಸರು ಅಳಿದು ಮತ್ತೊಬ್ಬನದು ಮೂಡಬೇಕಾದರೆ ಎರಡೂ ಒಟ್ಟಿಗೆ ನಡೆಯಬೇಕು, ಇಲ್ಲವೆ ಎರಡೂ ನಡೆಯಬಾರದು. ನಡುದಾರಿಯಲ್ಲಿ ನಿಲ್ಲಗೊಡದಿರುವುದೇ ಒಳ್ಳೆಯ ದತ್ತಾಂಶಕೋಶದ ಲಕ್ಷಣ.

“ದಾನದಂತೆ,” ಎಂದರು ಯಜಮಾನರು, “ಕೊಟ್ಟವನ ಕೈಬಿಟ್ಟು ಪಡೆದವನ ಕೈಸೇರದಿದ್ದರೆ ಅದು ದಾನವಲ್ಲ. ಆದರೆ ಮಗು, ತಪ್ಪು ಬರೆದರೆ ನಿನ್ನ ಕೋಶವೇನು ಮಾಡೀತು?”

“ತಪ್ಪನ್ನೇ ಭದ್ರವಾಗಿ ಕಾಯುವುದು, ತಾತ.”

ಯಜಮಾನರು ಪೆಟ್ಟಿಗೆಯಿಂದ ತಮ್ಮ ಹಳೆಯ ಟಿಪ್ಪಣಿ ಪುಸ್ತಕವನ್ನು ತೆಗೆದರು. ಅವರ ಅಕ್ಷರದಲ್ಲಿ ರಕಾರವೂ ಗಕಾರವೂ ಒಂದೇ ತೆರನಾಗಿ ಕಾಣುತ್ತಿದ್ದುವು. ಬಹಳ ಹೊತ್ತು ನೋಡಿ, ಕನ್ನಡಕವನ್ನು ಕೆಳಗಿಟ್ಟರು.

“ತಾಯಿ, ಅವಸರದಲ್ಲಿ ಬರೆದ ಕೈ ನನ್ನದು. ಯಂತ್ರಕ್ಕೇರಿಸಿದವರು ನಾನು ಬರೆದಂತೆ ಓದಿದರು.”

ಜಗಲಿಯ ವಾದ ಅಲ್ಲಿಗೇ ನಿಂತಿತು. ಸಾಧನದ ಗುಣದೋಷವಿಚಾರವು ವ್ಯರ್ಥವೆಂದಲ್ಲ. ಒರೆಸಿದರೆ ಅಳಿಯುವ ಬಳಪದ ಬರಹಕ್ಕಿಂತ ತಿದ್ದುಪಡಿಯ ಸಾಕ್ಷಿಯನ್ನುಳಿಸುವ ಕೋಶವು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊದಲ ಅಕ್ಷರದ ಹೊಣೆಯನ್ನು ಯಾವ ಸಾಧನವೂ ಹೊರಲಾರದು.

ಮೊಮ್ಮಗನು ಕಾಗದ ತಂದು, ತಾತ ಹೇಳಿದಂತೆ ತಿದ್ದುಪಡಿಯ ಅರ್ಜಿಯನ್ನು ಬಿಡಿಬಿಡಿಯಾದ ಅಕ್ಷರಗಳಲ್ಲಿ ಬರೆದನು. ರಕಾರವನ್ನು ಬರೆದೊಡನೆ ತಾತನಿಗೆ ತೋರಿಸಿದನು. ಹಬ್ಬ ಕಳೆದ ಮೇಲೆ ವೃದ್ಧೆಯೊಡನೆ ಹೊಸದುರ್ಗದ ಬಸ್ಸನ್ನೇರಿದವರು ಯಜಮಾನರೇ. ತಪ್ಪು ತಮ್ಮದೆಂದು ತಾವೇ ಹೇಳಬೇಕೆಂಬುದು ಅವರ ಹಟ.