ಟೈಲ್ಸ್ ಹಿಂದೆ ಏನಿದೆ?

ಅಜ್ಜಿಗೆ ಮಂಡಿ ನೋವು. ರಾತ್ರಿ ಎದ್ದು ಹಿತ್ತಲಿನ ಬಚ್ಚಲಿಗೆ ಹೋಗೋದು ಅವರ ಕೈಲಿ ಆಗಲ್ಲ. ಅವರ ಕೋಣೆಯ ಮೂಲೆಯಲ್ಲೇ ಪುಟ್ಟ ಬಾತ್‌ರೂಮ್ ಕಟ್ಟಿಸೋಣ ಅಂತ ಮನೆಯಲ್ಲಿ ತೀರ್ಮಾನಿಸಿದೆವು. ಇಟ್ಟಿಗೆ ಗೋಡೆ ಎಬ್ಬಿಸಿದರೆ ಜಾಗವೇ ಉಳಿಯಲ್ಲ. ಹಾಗಾಗಿ ಕಬ್ಬಿಣದ ಚೌಕಟ್ಟು, ಅದಕ್ಕೆ ಬೋರ್ಡು, ಮೇಲೆ ಟೈಲ್ಸ್.

ಯಾವ ಬೋರ್ಡು? "ಹಸಿರು ಜಿಪ್ಸಮ್ ಹಾಕ್ಸಿ, ವಾಟರ್‌ಪ್ರೂಫೇ" ಅಂದರು ಕೆಲಸದವರು. ನಾವು ಒಪ್ಪಲಿಲ್ಲ. ಅದು ತಡೆಯೋದು ಗಾಳಿಯ ತೇವವನ್ನು, ದಿನಾ ಸುರಿಯುವ ನೀರನ್ನಲ್ಲ. ಮೇಲೆ ಟೈಲ್ಸ್ ಇರುತ್ತಲ್ಲ ಅಂತೀರಾ? ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟ್ ಮೂಲಕ ನೀರು ಒಳಗಿಳಿದೇ ಇಳಿಯುತ್ತೆ. ಜಿಪ್ಸಮ್ ನೆಂದು ಮೆತ್ತಗಾದರೆ ಟೈಲ್ಸ್ ಕಳಚುತ್ತೆ, ಅದೂ ಅಜ್ಜಿ ಬರಿಗಾಲಲ್ಲಿ ನಿಲ್ಲುವ ಜಾಗದಲ್ಲಿ.

ಕೊನೆಗೆ ಸಿಮೆಂಟ್ ಫೈಬರ್ ಬೋರ್ಡ್ ತಂದೆವು. ಇದೂ ನೀರು ಹೀರುತ್ತೆ, ಆದರೆ ಕೊಳೆಯಲ್ಲ, ಮೆತ್ತಗಾಗಲ್ಲ. ನೀರನ್ನು ನಿಜವಾಗಿ ತಡೆಯೋದು ಅದರ ಮೇಲೆ ಬಳಿಯುವ ವಾಟರ್‌ಪ್ರೂಫಿಂಗ್ ಕೋಟ್. ಒಂದು ಕೋಟ್ ಒಣಗಿದ ಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಂದು. ಮೂಲೆಗಳಿಗೆ, ಬೋರ್ಡಿನ ಜೋಡುಗಳಿಗೆ ಜಾಲರಿ ಪಟ್ಟಿ. ಬೋರ್ಡಿನ ಕೆಳಗಂಚು ನೆಲಕ್ಕೆ ತಾಗಬಾರದು, ತಾಗಿದರೆ ನೀರು ಮೇಲೇರುತ್ತೆ (ಫಿಸಿಕ್ಸ್‌ನಲ್ಲಿ ಕ್ಯಾಪಿಲರಿ ಅಂತ ಉರು ಹೊಡೆದದ್ದು ಇದೇ!). ಅಜ್ಜಿ ಹಿಡಿದುಕೊಳ್ಳುವ ಕಂಬಿಯನ್ನಂತೂ ಬರೀ ಬೋರ್ಡಿಗಲ್ಲ, ಚೌಕಟ್ಟಿಗೇ ಬಿಗಿಸಬೇಕು.

ಖರ್ಚು ಏರಿತು. ಅಜ್ಜಿ ಆಸೆಪಟ್ಟ ಹೂವಿನ ಟೈಲ್ಸ್ ಬಿಟ್ಟು ಸಾದಾ ಬಿಳಿ ತಂದಿದ್ದೇವೆ. ಎರಡನೇ ಕೋಟ್ ಇನ್ನೂ ಒಣಗ್ತಾ ಇದೆ. "ಕಾಣಿಸದೇ ಇರೋದಕ್ಕೆ ಇಷ್ಟೊಂದು ದುಡ್ಡಾ?" ಅಂತ ಅಜ್ಜಿ ದಿನಾ ಕೇಳ್ತಾರೆ.