ಪೊಟ್ಟಣದ ಮೇಲೆ ಬರೆದಿದ್ದದ್ದು

ತಾತನ ನಾಣ್ಯಗಳೆಲ್ಲ ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಒಟ್ಟು 214. ಲೆಕ್ಕ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಅವನ್ನು ಕೂತು ಎಣಿಸಿದವಳು ನಾನೇ. ಹಾಳು ಮಾಡಿದವಳೂ ನಾನೇ.

ತಾತನದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಚಿಲ್ಲರೆ ಅಂಗಡಿ. 1957ರ ಏಪ್ರಿಲ್ 1ರಿಂದ ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತಲ್ಲ, ಆ ದಿನಗಳ ಕತೆಯನ್ನು ಅವರು ರಸವತ್ತಾಗಿ ಹೇಳುತ್ತಿದ್ದರು. ನಾಲ್ಕಾಣೆಗೆ ಇಪ್ಪತ್ತೈದು, ಎಂಟಾಣೆಗೆ ಐವತ್ತು, ಅಲ್ಲಿಗೆ ಸರಿ. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಗಿರಾಕಿಯದೋ ಅಂಗಡಿಯವನದೋ ಎಂದು ದಿನಾ ಜಗಳವಂತೆ. ಹೊಸ ದುಡ್ಡು ಬಂದು ಹಳೆಯದು ಮರೆಯಾಗತೊಡಗಿದಾಗ ಗಲ್ಲಾಪೆಟ್ಟಿಗೆಗೆ ಬಿದ್ದದ್ದರಲ್ಲಿ ಒಂದೊಂದನ್ನು ಎತ್ತಿಡಲು ಶುರು ಮಾಡಿದರು. ಪ್ರತಿಯೊಂದನ್ನೂ ಕ್ಯಾಲೆಂಡರ್ ಹಾಳೆಯ ಚೂರಿನಲ್ಲಿ ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿಡುವುದು ಅವರ ಕ್ರಮ. 2011ರ ಜೂನ್ ಕೊನೆಗೆ ನಾಲ್ಕಾಣೆ ಚಲಾವಣೆ ನಿಂತಾಗ ಕೊನೆಯ ಪೊಟ್ಟಣ ಕಟ್ಟಿದರು. ಮರುವರ್ಷ ತೀರಿಕೊಂಡರು.

ನನಗೋ ಆ ಡಬ್ಬಿ ಒಂದು ಅವ್ಯವಸ್ಥೆಯಾಗಿ ಕಂಡಿತು. ಪೊಟ್ಟಣಗಳನ್ನೆಲ್ಲ ಬಿಚ್ಚಿದೆ. ಹುಣಸೆಹಣ್ಣು ಹಚ್ಚಿ ತಾಮ್ರ, ಕಂಚಿನವನ್ನು ಪೂಜೆಯ ಚೆಂಬಿನ ಹಾಗೆ ಬೆಳಗಿದೆ. ತುಮಕೂರಿನಿಂದ ಪ್ಲಾಸ್ಟಿಕ್ ಆಲ್ಬಮ್ ತರಿಸಿ ಇಸವಿಯ ಪ್ರಕಾರ ಜೋಡಿಸಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕ್ರಮಸಂಖ್ಯೆ, ಇಸವಿ, ಮೌಲ್ಯ, ಲೋಹ, ಟಂಕಸಾಲೆ ಎಂದು ಬರೆದೆ. ನಯಾ ಪೈಸೆಗಳಲ್ಲಿ ಇಸವಿಯ ಹತ್ತಿರ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಕಲಿತು ಹಿಗ್ಗಿದೆ. ಪೊಟ್ಟಣದ ಕಾಗದಗಳು ಬಚ್ಚಲೊಲೆಗೆ ಹೋದವು. ಒಂದನ್ನೂ ಓದಿರಲಿಲ್ಲ.

ಆ ಆಲ್ಬಮ್ಮೇ ನನ್ನನ್ನು ಇತಿಹಾಸದ ಎಂ.ಎ.ಗೂ ಈಗ ಪಿಎಚ್.ಡಿ.ಗೂ ಎಳೆದು ತಂದದ್ದು. ಇಲ್ಲಿ ಕಲಿತ ಮೊದಲ ಪಾಠವೇ ನನಗೆ ಚುರುಕು ಮುಟ್ಟಿಸಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ಕಾಲದ ನಾಣ್ಯಗಳೊಂದಿಗೆ ರೋಮಿನ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಅದು ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿತು ಎಂಬ ಒಂದು ಸಾಲಿನಿಂದಲೇ ಆ ಊರಿನ ಕಾಲವನ್ನೂ ವ್ಯಾಪಾರವನ್ನೂ ಕುರಿತು ಮಾತಾಡಲು ಸಾಧ್ಯ. ಆ ಸಾಲು ಅಳಿಸಿಹೋದರೆ ಉಳಿಯುವುದು ಮೂರೂವರೆ ಗ್ರಾಮಿನಷ್ಟು ಬೆಳ್ಳಿ. ಇಸವಿ, ಲೋಹ, ಟಂಕಸಾಲೆ ನಾಣ್ಯದ ಮೇಲೇ ಇರುತ್ತವೆ, ಯಾರು ಯಾವಾಗ ಬೇಕಾದರೂ ನೋಡಿ ಬರೆದುಕೊಳ್ಳಬಹುದು. ಎಲ್ಲಿಂದ ಬಂತು ಎಂಬುದನ್ನು ಮಾತ್ರ ಬೇರೆಯಾಗಿ ಬರೆದಿಡಬೇಕು. ತಾತ ಬರೆದಿಟ್ಟಿದ್ದರು. ನಾನು ನೀರು ಕಾಯಿಸಿದ್ದೆ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ದಾಖಲೆಯನ್ನು ಮೊದಲಿಂದ ಮಾಡೋಣ ಎಂದು ಕೂತೆ. ಆಲ್ಬಮ್ಮಿನ ಪ್ಲಾಸ್ಟಿಕ್ ಬೆವೆತು ತಾಮ್ರದ ನಾಣ್ಯಗಳಿಗೆ ಹಸಿರು ಅಂಟು ಹತ್ತಿತ್ತು. ಒಂದೊಂದನ್ನೇ ತೆಗೆದು ತೂಕ, ಅಡ್ಡಳತೆ ನೋಡಿ, ಅಳತೆಪಟ್ಟಿ ಪಕ್ಕಕ್ಕಿಟ್ಟು ಎರಡೂ ಮುಖದ ಫೋಟೋ ತೆಗೆದು, ಕಾಗದದ ಲಕೋಟೆಗೆ ಹಾಕಿ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. 1945ರ ತೂತಿನ ಕಾಸು ನೋಡಿ, "ಇದನ್ನ ನಿಮ್ಮ ದೊಡ್ಡಪ್ಪನ ಉಡಿದಾರಕ್ಕೆ ಕಟ್ಟಿದ್ದೆ" ಎಂದರು. ಬರೆದುಕೊಂಡೆ. ಹೇಳಿದವರು ಅಜ್ಜಿ, ತಾರೀಕು ಇಂಥದ್ದು ಎಂದೂ ಸೇರಿಸಿದೆ.

ಆಮೇಲೆ ಬಂದದ್ದು 1918ರ ಐದನೇ ಜಾರ್ಜ್ ರೂಪಾಯಿ. ಅಚ್ಚಾದಾಗಿನ ತೂಕ 11.66 ಗ್ರಾಂ. ನನ್ನ ತಕ್ಕಡಿಯಲ್ಲಿ 12.02, ಮೇಲೆ ಬೆಸೆದಿದ್ದ ಕೊಂಡಿಯೂ ಸೇರಿ. ಅಂಥವು ನಾಲ್ಕಿದ್ದವು. ಹಳೆಯ ನೋಟ್‌ಬುಕ್ಕಿನಲ್ಲಿ ಅವುಗಳ ಮುಂದೆ "ದೋಷ: ಕೊಂಡಿ" ಎಂದು ಬರೆದಿದ್ದೆ.

ಅಜ್ಜಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಇವು ನಮ್ಮವಲ್ಲ ಕಣೇ. ಬರಗಾಲದಾಗೆ ಹೆಂಗಸ್ರು ಕತ್ತಿನ ಸರದಿಂದ ಬಿಚ್ಚಿ ಕೊಟ್ಟು ರಾಗಿ ತಗೊಂಡು ಹೋಗಿದ್ರು. ಬಿಡಿಸ್ಕೊಳ್ಳಕ್ಕೆ ಬಂದ್ರೆ ಕೊಡ್ಬೇಕು ಅಂತ ನಿಮ್ಮ ತಾತ ಹೆಸ್ರು ಬರೆದಿಟ್ಟಿದ್ರಲ್ಲ, ಆ ಕಾಗದ ಎಲ್ಲಿ?"

ಹೇಳಿದೆ. ಅಜ್ಜಿ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆರೆ ಏರಿ ಕೆಳಗಿನ ಮನೆಯೋರದ್ದು ಒಂದು. ಮಿಕ್ಕಿದ್ದು ನೆನಪಾಗ್ತಿಲ್ಲ" ಎಂದರು.

ಮಾರನೆಯ ದಿನ ನಾಲ್ಕನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಇಬ್ಬರೂ ಆ ಮನೆಗೆ ಹೋದೆವು. ಕೊಟ್ಟವರು ತೀರಿಹೋಗಿ ಬಹಳ ಕಾಲವಾಗಿತ್ತು. ಸೊಸೆ ಇದ್ದರು, ಅವರಿಗೂ ಎಪ್ಪತ್ತು ದಾಟಿದೆ. ಅತ್ತೆಯ ಸರದಲ್ಲಿ ಒಂದು ರೂಪಾಯಿ ಇತ್ತು, ರಾಗಿಗೆ ಹೋಯಿತು ಎಂದು ಕೇಳಿದ್ದರಂತೆ. ನಾಲ್ಕನ್ನೂ ಅವರ ಮುಂದೆ ಹರಡಿದೆ. ಅವರ ರೂಪಾಯಿ ಯಾವುದು ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆ ತಾಯಿ ಒಂದೊಂದನ್ನೇ ಮುಟ್ಟಿ ನೋಡಿ, ಎಲ್ಲಕ್ಕಿಂತ ಹೆಚ್ಚು ಸವೆದದ್ದನ್ನು ಎತ್ತಿಕೊಂಡರು. "ಇದೇ ಇರಬೋದು ಕಣವ್ವ" ಎಂದು ಕಣ್ಣಿಗೊತ್ತಿಕೊಂಡರು. ರಾಗಿ ಬಾಕಿ ಎಷ್ಟು ಎಂದೂ ಕೇಳಿದರು. ಅಜ್ಜಿ ನಕ್ಕು, "ಕಾಫಿ ಕೊಡು, ಅಲ್ಲಿಗೆ ಚುಕ್ತಾ" ಎಂದರು.

ಈಗ ನನ್ನ ದಾಖಲೆಯಲ್ಲಿ 31ನೇ ಸಂಖ್ಯೆಯ ಮುಂದೆ "ಹಿಂದಿರುಗಿಸಿದೆ. ಅವರದೇ ಎಂಬುದು ಖಚಿತವಿಲ್ಲ" ಎಂದಿದೆ. ಆ ಸಂಖ್ಯೆಯನ್ನು ಬೇರೆ ನಾಣ್ಯಕ್ಕೆ ಕೊಡುವುದಿಲ್ಲ. ತಾಮ್ರ, ಕಂಚಿನ ಪ್ರತಿಯೊಂದರ ಮುಂದೂ "2013ರಲ್ಲಿ ಹುಣಸೆಹಣ್ಣಿನಿಂದ ತಿಕ್ಕಿದೆ" ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ. ಕೊಂಡಿಯ ಮುಂದಿದ್ದ "ದೋಷ" ಎಂಬ ಪದ ಹೊಡೆದುಹಾಕಿದ್ದೇನೆ.

32, 33, 34ರಲ್ಲಿ "ಯಾರಿಂದ" ಎಂಬ ಕಾಲಂ ಖಾಲಿಯಿದೆ. ಅಜ್ಜಿಗೆ ಈಗ ಎಂಬತ್ತಾರು. ಊರಿಗೆ ಹೋಗುವಾಗಲೆಲ್ಲ ಆ ಮೂರು ಲಕೋಟೆಗಳನ್ನು ಬ್ಯಾಗಿನಲ್ಲಿ ಹಾಕಿಕೊಳ್ಳುತ್ತೇನೆ. ಊಟವಾದ ಮೇಲೆ ಅಜ್ಜಿಯ ಅಂಗೈಯಲ್ಲಿ ಒಂದೊಂದನ್ನೇ ಇಟ್ಟು, ಪೆನ್ಸಿಲ್ ಹಿಡಿದು ಕಾಯುತ್ತೇನೆ.